ಮೂಗಿನ ಮಂಡಿ

ಮನುಷ್ಯನಿಗೆ ರೋಗ ಬಂದರೂ ಊರಿಗೆ ಒಪ್ಪುವಂಥದ್ದು ಬರಬೇಕು ಎಂದು ಈಚೆಗೆ ನನಗೆ ಬಲವಾಗಿ ಅನ್ನಿಸುತ್ತಿದೆ. ನಮ್ಮ ಚಳ್ಳಕೆರೆಯಲ್ಲಿ ಬಿಸಿಲು ಹೊಡೆದು ತಲೆ ತಿರುಗಿ ಬಿದ್ದೆ ಅನ್ನಿ, ಬೀದಿಯೇ ಮಜ್ಜಿಗೆ ಚೊಂಬು ಹಿಡಿದು ಓಡಿ ಬರುತ್ತದೆ. ಕಿಡ್ನಿಯಲ್ಲಿ ಕಲ್ಲು ಅನ್ನಿ, ನಮ್ಮ ನೀರೇ ಹಂಗ್ರಿ ಅಂತ ಪಕ್ಕದಲ್ಲಿ ಕೂತವನು ತನ್ನ ಕಲ್ಲಿನ ಕಥೆಯನ್ನೂ ಬಿಚ್ಚುತ್ತಾನೆ. ಶುಗರ್ ಬಂದವರಿಗಂತೂ ಮದುವೆಮನೆಯ ಪಂಕ್ತಿಯಲ್ಲಿ ಬೇರೆಯದೇ ಉಪಚಾರ. ಆದರೆ ತೇವಕ್ಕೆ ಹಿಡಿಯುವ ಬೂಷ್ಟಿನ ಅಲರ್ಜಿ ಅಂತ ಒಂದು ಸಲ ಹೇಳಿ ನೋಡಿ. ಬೆಳಗ್ಗೆ ಹಾಕಿದ ಹಪ್ಪಳ ಮಧ್ಯಾಹ್ನಕ್ಕೆ ಗರಿಗರಿ ಒಣಗುವ ಊರು ನಮ್ಮದು. ಮೋಡ ಕಂಡರೆ ತಕ್ಕಡಿ ಬಿಟ್ಟು ಜನ ತಲೆ ಎತ್ತಿ ನಿಲ್ಲುತ್ತಾರೆ. ಇಲ್ಲಿ ಕೂತು ನನಗೆ ಬೂಷ್ಟು ಆಗಿಬರುವುದಿಲ್ಲ ಅನ್ನುವುದೂ ಒಂದೇ, ನಿನ್ನೆ ನನಗೆ ಮೊಸಳೆ ಕಚ್ಚಿತು ಅನ್ನುವುದೂ ಒಂದೇ. ನಾನು ಹೇಳಿದಾಗ ಪಕ್ಕದ ಮಂಡಿಯ ವೀರಭದ್ರಪ್ಪ ನಗಲಿಲ್ಲ, ಪಾಪ. ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, ‘ಇದನ್ನ ಎಲ್ಲಿಂದ ತಂದ್ರಿ?’ ಎಂದು ಕೇಳಿದ.

ತಂದದ್ದು ಎಲ್ಲಿಂದಲೂ ಅಲ್ಲ, ಮನೆಯಲ್ಲೇ ಇತ್ತು. ಅದು ಗೊತ್ತಾಗುವುದಕ್ಕೆ ನಾನು ಮೊಳಕಾಲ್ಮೂರಿಗೆ ಹೋಗಿ ತೋಳು ಚುಚ್ಚಿಸಿಕೊಳ್ಳಬೇಕಾಯಿತು. ಚುಚ್ಚಿಸಿಕೊಂಡದ್ದಕ್ಕೆ ಈಗ ಪಶ್ಚಾತ್ತಾಪ ಪಡಬೇಕೋ ಬೇಡವೋ, ನೀವೇ ಕೇಳಿ, ನೀವೇ ಹೇಳಿ.

ನನ್ನದು ಶೇಂಗಾ ಮಂಡಿ, ರೈತರ ಮಾಲು ತೂಗಿ ಎಣ್ಣೆ ಮಿಲ್ಲಿಗೆ ಮಾರಿಸಿಕೊಡುವ ಅಂಗಡಿ. ಬೋರ್ಡಿನ ಮೇಲೆ ದೇವರ ಹೆಸರು, ಅಪ್ಪನ ಹೆಸರು ಎಲ್ಲ ಬರೆಸಿದೆ. ಆದರೆ ಹಮಾಲರಿಂದ ಹಿಡಿದು ಎಣ್ಣೆ ಮಿಲ್ಲಿನ ಯಜಮಾನರವರೆಗೆ ಒಬ್ಬರೂ ಆ ಹೆಸರು ಹೇಳುವುದಿಲ್ಲ. ‘ಮೂಗಿನ ಮಂಡಿ’ ಅನ್ನುತ್ತಾರೆ. ಶೇಂಗಾ ಹೊರಗಿನಿಂದ ನೋಡಿದರೆ ಬಣ್ಣ ಬಯಲಾಗುವ ಮಾಲಲ್ಲ. ಸಿಪ್ಪೆ ಚೆನ್ನಾಗಿರುತ್ತದೆ, ಅಲ್ಲಾಡಿಸಿದರೆ ಗಲಗಲ ಅನ್ನುತ್ತದೆ, ಚೀಲದ ನಡುಮಧ್ಯದಲ್ಲಿ ಮಾತ್ರ ಮುಗ್ಗಿರುತ್ತದೆ. ಹಸಿ ಆರುವ ಮೊದಲೇ ಅವಸರಕ್ಕೆ ಬಿದ್ದು ಚೀಲ ತುಂಬಿದರೆ ಒಳಗೊಳಗೇ ಬೆವೆತು ಬೂಷ್ಟು ಹಿಡಿಯುತ್ತದೆ. ಅಂಥ ಒಂದು ಚೀಲ ಮಿಲ್ಲಿಗೆ ಹೋದರೆ ಆ ದಿನದ ಎಣ್ಣೆಯೆಲ್ಲ ಹಾಳು. ಹಾಗಾಗಿ ಅನುಮಾನದ ಮಾಲು ಬಂದಾಗ ಮಾರ್ಕೆಟ್ಟು ಅಪ್ಪನನ್ನು ಕರೆಯುತ್ತಿತ್ತು. ಅಪ್ಪ ಬಂದು ಚೀಲದೊಳಗೆ ಮೊಣಕೈವರೆಗೆ ಕೈ ಇಳಿಸಿ ಒಂದು ಹಿಡಿ ತೆಗೆಯುತ್ತಿದ್ದರು. ಹೆಗಲ ಮೇಲಿನ ಟವಲಿನಿಂದ ಮುಖ ಮುಚ್ಚಿಕೊಂಡು ಗೋಡೆ ಕಡೆ ತಿರುಗಿ ನಿಂತುಬಿಡುತ್ತಿದ್ದರು. ಯಾರೂ ತುಟಿಪಿಟಕ್ ಅನ್ನುವ ಹಾಗಿಲ್ಲ. ಅವರ ಬೆನ್ನು ಒಂದೆರಡು ಸಲ ಅಲುಗುತ್ತಿತ್ತು. ಆಮೇಲೆ ಟವಲು ತೆಗೆದು, ಕೆಂಪಾದ ಕಣ್ಣು ಒರೆಸಿಕೊಂಡು, ‘ಒಳಗೆ ಮುಗ್ಗೈತೆ’ ಎನ್ನುತ್ತಿದ್ದರು. ಸುರಿದು ನೋಡಿದರೆ ಮುಗ್ಗಿರುತ್ತಿತ್ತು. ಬೆನ್ನು ಅಲುಗದ ದಿನ ಮಾಲು ಚೊಕ್ಕವಾಗಿರುತ್ತಿತ್ತು. ಟವಲಿನೊಳಗೆ ಅವರು ಶಿವಧ್ಯಾನ ಮಾಡುತ್ತಾರೆ ಅಂತ ಕೆಲವರು ಹೇಳುತ್ತಿದ್ದರು. ಸಿದ್ದಾಪುರದ ಕಡೆಯ ಒಬ್ಬ ಮುದುಕ ರೈತನಂತೂ ಅಪ್ಪ ಗೋಡೆ ಕಡೆ ತಿರುಗಿದ ತಕ್ಷಣ ಕೈ ಮುಗಿದು ನಿಲ್ಲುತ್ತಿದ್ದ. ಅದನ್ನು ನೋಡಿ ಬೆಳೆದವನು ನಾನು. ಅಪ್ಪ ಹೋದ ಮೇಲೆ ಮಂಡಿಯಲ್ಲಿ ಅವರ ಕುರ್ಚಿಯ ತುದಿಗೆ ಮಾತ್ರ ಕೂರುತ್ತಿದ್ದೆ ಅಂದರೆ ನೀವು ನಂಬಬೇಕು.

ಆದರೆ ಆಶ್ಚರ್ಯ, ನನಗೂ ಮೂಗು ಇತ್ತು. ಕೆಟ್ಟ ಮಾಲನ್ನು ಹತ್ತಿರ ಹಿಡಿದರೆ ಸಾಕು, ಹುಬ್ಬಿನ ನಡುವೆ ಏನೋ ಒಂದು ಆಗುತ್ತಿತ್ತು. ಅದು ಏನು ಅಂತ ಕೇಳಿದವರಿಗೆ ಹೇಳಲು ಬರುತ್ತಿರಲಿಲ್ಲ. ನಾನು ಹಿಂದಿನ ಗೋದಾಮಿಗೆ ಓಡಿ, ಮನಸಾರೆ ಸೀನಿ, ಬಂದು ಕೂತು, ಅಪ್ಪನ ಗತ್ತಿನಲ್ಲೇ ‘ಒಳಗೆ ಮುಗ್ಗೈತೆ’ ಅನ್ನುತ್ತಿದ್ದೆ. ಅಪ್ಪನ ಮೂಗು ಮಗನಿಗೆ ಬಂದೈತೆ ಅಂತ ಮಾರ್ಕೆಟ್ಟು ಒಪ್ಪಿಕೊಂಡಿತು. ಹುಬ್ಬಿನ ನಡುವೆ ಆಗುವುದು ಮನೆತನದ ಜ್ಞಾನ, ಆಮೇಲೆ ಬರುವ ಸೀನು ಬರೀ ಧೂಳಿನದು ಅಂತ ನಾನು ಇಷ್ಟು ವರ್ಷ ತಿಳಿದಿದ್ದೆ. ಓಡಿಹೋಗಿ ಸೀನುವುದಕ್ಕೆ ಕಾರಣವಿತ್ತು. ಬೋಣಿ ಹೊತ್ತಿನಲ್ಲಿ ರೈತನ ಮಾಲಿನ ಮುಂದೆ ಯಾರಾದರೂ ಸೀನಿದರೆ ಅವನು ಮಾತೇ ಆಡುವುದಿಲ್ಲ, ಚೀಲ ಎತ್ತಿಸಿಕೊಂಡು ಮುಂದಿನ ಮಂಡಿಗೆ ನಡೆದುಬಿಡುತ್ತಾನೆ.

ಮನೆಯಲ್ಲಿ ಓಡಿಹೋಗಲು ಗೋದಾಮಿಲ್ಲ. ಮಂಡಿಯಿಂದ ಬಂದ ಅಂಗಿಯಲ್ಲೇ ಸೀನು ನನ್ನ ಜೊತೆ ಮನೆಗೆ ಬರುತ್ತಿತ್ತು. ನಮ್ಮ ಕಡೆ ಒಂಟಿ ಸೀನು ಅಂದರೆ ಹೊರಟವರು ಕೂರಬೇಕು, ನೀರು ಕುಡಿಯಬೇಕು, ಆಮೇಲೆ ಏಳಬೇಕು. ಜೋಡಿ ಸೀನು ಬಂದರೆ ಚಿಂತೆಯಿಲ್ಲ, ಒಂದನ್ನು ಇನ್ನೊಂದು ವಜಾ ಮಾಡುತ್ತದೆ. ನನ್ನ ಕರ್ಮಕ್ಕೆ ನನ್ನ ಸೀನುಗಳಿಗೆ ಈ ಶಾಸ್ತ್ರ ಗೊತ್ತಿಲ್ಲ. ನನ್ನ ಹೆಂಡತಿಯ ತವರು ಮೊಳಕಾಲ್ಮೂರು. ಅವಳು ತವರಿಗೆ ಹೊರಟು ಚಪ್ಪಲಿ ಮೆಟ್ಟುವ ಹೊತ್ತಿಗೆ ಸರಿಯಾಗಿ ನನಗೆ ಒಂದು ಬರುತ್ತದೆ. ಅವಳು ಕೂರುತ್ತಾಳೆ. ಎರಡನೆಯದು ಬರುತ್ತದೆ, ಏಳುತ್ತಾಳೆ. ಬಾಗಿಲು ದಾಟುವಾಗ ಮೂರನೆಯದು. ಹೀಗೆ ಎದ್ದು ಕೂತು ಎದ್ದು ಕೂತು ಮೊಳಕಾಲ್ಮೂರಿನ ಬಸ್ಸು ಹೋಗಿರುತ್ತದೆ. ‘ಒಂದು ತೀರ್ಮಾನಕ್ಕೆ ಬರ್ರೀ’ ಎಂದು ಅವಳು ಚೀಲ ಕೆಳಗಿಟ್ಟು ಹೇಳುವ ಧಾಟಿ ಕೇಳಿದರೆ ನಾನು ಬೇಕಂತಲೇ ಸೀನುತ್ತಿದ್ದೇನೆ ಅನ್ನಬೇಕು.

ಇಷ್ಟೇ ಆಗಿದ್ದರೆ ಮೂಗಿರೋ ತನಕ ನೆಗಡಿ ತಪ್ಪದು ಅಂತ ಸುಮ್ಮನಿರಬಹುದಿತ್ತು. ಕಳೆದ ಸುಗ್ಗಿಯಿಂದ ಎದೆಯಲ್ಲಿ ಸಿಳ್ಳೆ ಶುರುವಾಯಿತು. ಗೋದಾಮಿನಲ್ಲಿ ಚೀಲಗಳ ನಡುವೆ ಓಡಾಡಿ ಬಂದು ಮನೆಯಲ್ಲಿ ಕೂತರೆ ಒಳಗೆ ಯಾರೋ ಸಣ್ಣಗೆ ಪೀಪಿ ಊದಿದ ಹಾಗೆ. ಹೆಂಡತಿಗೆ ಅದು ಕೇಳಿಸುತ್ತಿರಲಿಲ್ಲ, ಟಿ.ವಿ. ಸದ್ದಿರುತ್ತದಲ್ಲ. ಅವ್ವನಿಗೆ ಮಾತ್ರ ಅಡುಗೆಮನೆಯಿಂದಲೇ ಕೇಳಿಸುತ್ತಿತ್ತು. ಮಾಡುವ ಕೆಲಸ ಬಿಟ್ಟು ಬಾಗಿಲಿಗೆ ಬಂದು ನಿಲ್ಲುತ್ತಿದ್ದಳು. ನಮ್ಮೂರ ಡಾಕ್ಟರು ಒಂದು ಬಿಳಿ ಮಾತ್ರೆ ಬರೆದುಕೊಟ್ಟು, ಯಾವುದು ಆಗಿಬರುವುದಿಲ್ಲ ಅಂತ ಪರೀಕ್ಷೆ ಮಾಡಿಸಿಕೊಳ್ಳಿ, ಗೋದಾಮಿನದೇ ಆಗಿದ್ದರೆ ಮಂಡಿ ಬಿಡಬೇಕಾದೀತು ಅಂದರು. ಮಂಡಿ ಬಿಡುವುದೇ? ಬಿಟ್ಟು ನಾನೇನು ಮಾಡಲಿ? ನನಗೆ ಬರುವುದು ಮೂಗೊಂದೇ.

ಪರೀಕ್ಷೆಯ ದಾರಿ ತೋರಿಸಿದ್ದು ಹೆಂಡತಿಯ ತಮ್ಮ. ಅವನದು ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ಅಂಗಡಿ. ನಾನು ಹೋದರೆ ಸೀರೆಗಳನ್ನೆಲ್ಲ ಗಾಜಿನ ಬೀರುವಿನೊಳಗೆ ಸೇರಿಸಿ ಆಮೇಲೆ ‘ಬರ್ರಿ ಭಾವ’ ಅನ್ನುತ್ತಾನೆ. ಅವರೂರಿಗೆ ಬಳ್ಳಾರಿಯಿಂದ ವಾರಕ್ಕೊಮ್ಮೆ ಅಲರ್ಜಿಯ ಡಾಕ್ಟರಮ್ಮ ಬರುತ್ತಾರೆ ಅಂತ ಅವನೇ ಹೆಸರು ಬರೆಸಿದ. ಡಾಕ್ಟರಮ್ಮ ಫೋನಿನಲ್ಲಿ ಹೇಳಿದ್ದು ಒಂದೇ ಷರತ್ತು. ಪರೀಕ್ಷೆಗೆ ಒಂದು ವಾರ ಮುಂಚೆಯೇ ಸೀನಿನ ಮಾತ್ರೆ ನಿಲ್ಲಿಸಬೇಕು, ಇಲ್ಲದಿದ್ದರೆ ಚುಚ್ಚಿದರೂ ಏನೂ ಗೊತ್ತಾಗುವುದಿಲ್ಲ. ನೆನಪಾದಾಗ ಒಂದು ನುಂಗುತ್ತಿದ್ದೆ, ಆವತ್ತಿನಿಂದ ಅದನ್ನೂ ನಿಲ್ಲಿಸಿದೆ. ಮಾತ್ರೆಯ ಪಟ್ಟಿಯನ್ನು ಅವ್ವನ ಕೈಗೆ ಕೊಟ್ಟು, ಅಳು ಬಂದರೂ ಕೊಡಬೇಡ ಅಂದೆ. ಅವ್ವ ತಲೆಯಾಡಿಸಿದಳು. ಬೆಳಗ್ಗೆ ಸಂಜೆ ಕಷಾಯ ಮಾಡಿಕೊಡ್ತೀನಿ ಅಂದಳು.

ಆ ಕಷಾಯವನ್ನು ಏನಂತ ಹೇಳಲಿ! ಶುಂಠಿ, ಮೆಣಸು, ತುಳಸಿ, ಒಂಚೂರು ಬೆಲ್ಲ. ಕುಡಿದ ಮಾರನೇ ದಿನ ಸೀನು ಅರ್ಧ ಆಯಿತು. ಅದರ ಮಾರನೇ ದಿನ ಪೂರ್ತಿ ನಿಂತೇ ಹೋಯಿತು. ನಾನು ಹಿಗ್ಗಿ ಹೀರೇಕಾಯಿ ಆದೆ. ಇಂಗ್ಲಿಷ್ ಔಷಧಿ ಎಲ್ಲ ಸುಳ್ಳು, ನಮ್ಮ ಹಿರಿಯರು ದಡ್ಡರಲ್ಲ ಅಂತ ಮಾರ್ಕೆಟ್ಟಿನಲ್ಲಿ ಸಿಕ್ಕಸಿಕ್ಕವರನ್ನು ನಿಲ್ಲಿಸಿ ಭಾಷಣ ಮಾಡಿದೆ. ವೀರಭದ್ರಪ್ಪ ತನ್ನ ನೆಗಡಿಗೆ ಬೇಕು ಅಂತ ಕಷಾಯದ ವಿಧಾನ ಕೇಳಿ ಬಾಯಿಪಾಠ ಮಾಡಿಕೊಂಡು ಹೋದ. ಆ ವಾರದಲ್ಲೇ ಪರಶುರಾಂಪುರದ ಕಡೆಯಿಂದ ಟ್ರ್ಯಾಕ್ಟರ್ ತುಂಬಾ ಮಾಲು ಬಂತು. ಹಿಡಿ ತೆಗೆದೆ, ಮೂಗಿಗೆ ಹಿಡಿದೆ, ಕಾದೆ. ಹುಬ್ಬಿನ ನಡುವೆ ಏನೂ ಆಗಲಿಲ್ಲ. ‘ಚೊಕ್ಕ ಐತೆ’ ಅಂದೆ. ಮೂಗಿನ ಮಂಡಿ ಹೇಳಿದ ಮೇಲೆ ಇನ್ನೇನು ಅಂತ ಮಿಲ್ಲಿನವರು ಕಣ್ಣು ಮುಚ್ಚಿಕೊಂಡು ಎತ್ತಿದರು. ಎತ್ತಿದ ಮಾಲು ಹಾಗೇ ವಾಪಸ್ಸು ಬಂದು ನನ್ನ ಬಾಗಿಲಿಗೆ ಇಳಿಯಿತು. ಚೀಲ ಸುರಿದರೆ ನಡುವೆ ಬೂದು ಬಣ್ಣದ ಹೆಂಟೆ. ಹಮಾಲರು ನನ್ನ ಮುಖ ನೋಡಲಿಲ್ಲ, ನೆಲ ನೋಡಿದರು. ಅವರು ಬೈದಿದ್ದರೆ ವಾಸಿಯಿತ್ತು.

ಈ ಅವಮಾನ ಹೊತ್ತುಕೊಂಡೇ ಮೊಳಕಾಲ್ಮೂರಿಗೆ ಹೋದೆವು. ನಾನು, ಹೆಂಡತಿ, ಅವ್ವ. ಅವ್ವನನ್ನು ಬೇಡ ಅಂದರೂ ಕೇಳಲಿಲ್ಲ. ಡಾಕ್ಟರಮ್ಮ ಸಣ್ಣ ವಯಸ್ಸಿನವರು, ತಾಳ್ಮೆಯ ಹೆಂಗಸು. ನನ್ನ ಮುಂಗೈ ಮೇಲೆ ಪೆನ್ನಿನಿಂದ ಗುರುತು ಹಾಕಿ, ಗುರುತಿಗೊಂದು ತೊಟ್ಟು ಬಿಟ್ಟು, ಪ್ರತಿ ತೊಟ್ಟಿನ ಮೇಲೂ ಇರುವೆ ಕಚ್ಚಿದಷ್ಟು ಚುಚ್ಚಿದರು. ಇದು ಮನೆ ಧೂಳು, ಇದು ಜಿರಲೆ, ಇವು ಹೂವಿನ ಪರಾಗ, ಈ ಸಾಲು ಬೂಷ್ಟಿನ ಜಾತಿಗಳು. ಯಾವುದು ಮೈಗೆ ಆಗುವುದಿಲ್ಲವೋ ಅದು ಸೊಳ್ಳೆ ಕಚ್ಚಿದ ಹಾಗೆ ಏಳುತ್ತದೆ. ಕೊನೆಯಲ್ಲಿ ಎರಡು ಸಾಕ್ಷಿ ತೊಟ್ಟು. ಒಂದು ಬರೀ ಉಪ್ಪುನೀರು, ಅದು ಏಳಬಾರದು. ಇನ್ನೊಂದು ಅಲರ್ಜಿ ಇರಲಿ ಬಿಡಲಿ, ಎಲ್ಲರಿಗೂ ಏಳಲೇಬೇಕು. ಇಷ್ಟು ಹೇಳಿ ಕಾಯಲು ಕೂರಿಸಿದರು. ಗೋದಾಮಿನದು ಒಂದು ಬಿಟ್ಟು ಯಾವುದಾದರೂ ಏಳಲಿ ದೇವರೇ, ಜಿರಲೆ ಏಳಲಿ, ಬೆಂಕಿಪೊಟ್ಟಣದಷ್ಟು ಏಳಲಿ ಅಂತ ನಾನು ಕೈಯನ್ನೇ ನೋಡುತ್ತಾ ಕೂತೆ. ಏನೂ ಏಳಲಿಲ್ಲ. ನರ್ಸಮ್ಮ ಬಂದು ನನ್ನ ಕೈ ಬೆಳಕಿಗೆ ಹಿಡಿದು ನೋಡಿ, ‘ಏಮೀ ಲೇದು ಮೇಡಂ’ ಅಂದಳು. ನನಗೆ ಅಷ್ಟು ಇಂಪಾದ ತೆಲುಗು ಜನ್ಮದಲ್ಲಿ ಕೇಳಿದ ನೆನಪಿಲ್ಲ.

ಡಾಕ್ಟರಮ್ಮನಿಗೆ ಮಾತ್ರ ಖುಷಿಯಾಗಲಿಲ್ಲ. ಏಳಲೇಬೇಕಾದ ತೊಟ್ಟೂ ಎದ್ದಿಲ್ಲ, ಮಾತ್ರೆ ನಿಲ್ಲಿಸಿದ್ದು ನಿಜವೇ ಅಂತ ಕೇಳಿದರು. ನನಗೆ ರೇಗಿತು. ಮನೆದೇವರ ಮೇಲೆ ಆಣೆ ಮಾಡಿದೆ. ಮಾತ್ರೆಯಲ್ಲಮ್ಮ, ಇದು ಕಷಾಯದ ಮಹಿಮೆ ಅಂತ ಮಾರ್ಕೆಟ್ಟಿನಲ್ಲಿ ಮಾಡಿದ ಭಾಷಣವನ್ನೇ ಇನ್ನಷ್ಟು ಬೆಳೆಸಿ ಮಾಡಿದೆ. ಅವರು ಪೂರ್ತಿ ಕೇಳಿಸಿಕೊಂಡು, ‘ಕಷಾಯ ಯಾರು ಮಾಡೋದು?’ ಅಂದರು. ನಾನೂ ಹೆಂಡತಿಯೂ ಅವ್ವ ಕೂತಿದ್ದ ಬೆಂಚಿನ ಕಡೆ ತಿರುಗಿದೆವು. ಅವ್ವ ಗೋಡೆ ಮೇಲಿನ ದುಂಡು ಮಗುವಿನ ಚಿತ್ರವನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದಳು.

‘ಅತ್ತೆ’ ಎಂದಳು ಹೆಂಡತಿ, ಮೆಲ್ಲಗೆ.

‘ಪುಡಿ ಮಾಡಿ ಹಾಕಿದೀನಿ’ ಅಂದಳು ಅವ್ವ. ಸ್ವಲ್ಪ ತಡೆದು, ಪ್ರಾಮಾಣಿಕತೆಗೆ ಕೊರತೆಯಾಗಬಾರದು ಅನ್ನುವ ಹಾಗೆ, ‘ಅರ್ಧ ಅಲ್ಲ. ಪೂರ್ತಿನೇ ಹಾಕಿದೀನಿ’ ಎಂದು ಸೇರಿಸಿದಳು.

ಡಾಕ್ಟರಮ್ಮ ನಗು ತಡೆಯಲು ಏನನ್ನೋ ಹುಡುಕುವವರಂತೆ ಡ್ರಾಯರ್ ಎಳೆದರು. ಇನ್ನೊಂದು ಸಲ ಬನ್ನಿ, ಕಷಾಯ ಬಿಟ್ಟು ಬನ್ನಿ ಅಂದರು. ಚಳ್ಳಕೆರೆಯ ಬಸ್ಸು ಹತ್ತಿದೆವು. ಮೊಳಕಾಲ್ಮೂರಿನ ಪಕ್ಕದ ಹಾನಗಲ್ ದಾಟುವಾಗ ನನ್ನ ತಲೆಯಲ್ಲಿ ಏನೋ ಟಕ್ ಅಂದಿತು. ಮಾತ್ರೆ ಹೊಟ್ಟೆಯಲ್ಲಿದ್ದ ವಾರವೇ ಮೂಗು ಕೈಕೊಟ್ಟಿತು. ಸೀನು ನಿಂತ ವಾರವೇ ಮುಗ್ಗಿದ ಮಾಲು ಚೊಕ್ಕ ಅನ್ನಿಸಿತು. ಅಂದರೆ ಹುಬ್ಬಿನ ನಡುವೆ ಆಗುತ್ತಿದ್ದದ್ದು ಜ್ಞಾನವಲ್ಲ, ಸೀನಿನ ಪೀಠಿಕೆ. ನಾನು ವಾಸನೆ ಹಿಡಿಯುತ್ತಿರಲಿಲ್ಲ. ಬೂಷ್ಟು ನನ್ನನ್ನು ಹಿಡಿಯುತ್ತಿತ್ತು, ಅಷ್ಟೇ. ಕಿಟಕಿಯಾಚೆ ಬಂಡೆಗುಡ್ಡಗಳು ಒಣಗಿಕೊಂಡು ನಿಂತಿದ್ದವು. ಬಸ್ಸು ಹೀಗೇ ಹೋಗುತ್ತಿರಲಿ, ಚಳ್ಳಕೆರೆ ಬರುವುದೇ ಬೇಡ ಅನ್ನಿಸಿತು.

ಎರಡನೇ ಪರೀಕ್ಷೆಗೆ ಮುಂಚಿನ ವಾರ ಹೇಗಿತ್ತು ಅಂತ ನಾನು ವರ್ಣಿಸುವುದಿಲ್ಲ. ಹೆಂಡತಿ ಮನೆಯಿಂದ ಹೊರಡುವ ಆಸೆಯನ್ನೇ ಬಿಟ್ಟಳು. ಈ ಸಲ ಮೊಳಕಾಲ್ಮೂರಿನಲ್ಲಿ ತೊಟ್ಟು ಬಿಟ್ಟು ಚುಚ್ಚಿದ ಸ್ವಲ್ಪ ಹೊತ್ತಿಗೆ ಬೂಷ್ಟಿನ ಸಾಲು ಎದ್ದು ನಿಂತಿತು, ಒಂದೊಂದೂ ಶೇಂಗಾ ಬೀಜದ ಗಾತ್ರ. ಧೂಳಿನ ತೊಟ್ಟು ಮಾತ್ರ ಮಟ್ಟಸವಾಗಿ ಮಲಗಿತ್ತು. ಇಷ್ಟು ವರ್ಷ ಸುಮ್ಮಸುಮ್ಮನೆ ಧೂಳನ್ನು ಬೈದಿದ್ದೆ. ನಮ್ಮ ಕಡೆ ಮಳೆಯೇ ಇಲ್ಲವಲ್ಲಮ್ಮ ಅಂದದ್ದಕ್ಕೆ ಡಾಕ್ಟರಮ್ಮ, ಬೂಷ್ಟಿಗೆ ಮಳೆ ಬೇಕಿಲ್ಲ, ಒಂದು ಚೀಲ ಬೆವೆತರೆ ಸಾಕು, ಚೀಲ ಬಿಚ್ಚಿದಾಗ ಕಣ್ಣಿಗೆ ಕಾಣದ ಪುಡಿ ಗಾಳಿಗೆ ಏಳುತ್ತದೆ, ಅದನ್ನು ನೀವು ದಿನಾ ಎಳೆದುಕೊಳ್ಳುತ್ತಿದ್ದೀರಿ ಎಂದು ತಿಳಿಸಿ ಹೇಳಿದರು. ಸೀನಿಗೆ ಹೆದರಬೇಡಿ, ಎದೆಯ ಸಿಳ್ಳೆಗೆ ಹೆದರಿ ಅಂದರು. ಗೋದಾಮು ಬಿಟ್ಟರೆ ಒಳ್ಳೆಯದು. ಬಿಡಲಾಗದಿದ್ದರೆ ಮಾಸ್ಕು ಹಾಕಬೇಕು, ದಿನಾ ಔಷಧಿ ತಗೊಳ್ಳಬೇಕು, ಹಿಡಿ ತೆಗೆದು ಮೂಗಿಗೆ ಹಿಡಿಯುವುದಂತೂ ಇನ್ನು ಮುಂದೆ ಕೂಡದು. ನಾನು ಕೈ ಮುಗಿದೆ. ‘ಡಾಕ್ಟ್ರಮ್ಮ, ಒಂದೇ ಒಂದು ಸೀನು ಉಳಿಸಿಕೊಡೋಕೆ ಆಗಲ್ವಾ? ಸಣ್ಣದಾದ್ರೂ ಸಾಕು’ ಅಂದೆ. ಅವರು ನಾನು ತಮಾಷೆ ಮಾಡುತ್ತಿದ್ದೇನೆ ಅಂದುಕೊಂಡರು.

ಮನೆಗೆ ಬಂದು ಅವ್ವನ ಮುಂದೆ ಕೂತು ಎಲ್ಲ ಹೇಳಿದೆ. ಅಪ್ಪನ ಮೂಗು ಅಂತ ಬೀಗುತ್ತಿದ್ದೆ ಅವ್ವ, ಅದು ಮೂಗಲ್ಲ, ರೋಗ. ಅಪ್ಪನ ಹೆಸರನ್ನು ಇಷ್ಟು ವರ್ಷ ಸೀನಿ ಸೀನಿ ತಿಂದೆ. ಅವ್ವ ಮೊರದಲ್ಲಿದ್ದ ಬೇಳೆ ಆರಿಸುತ್ತಲೇ ಇದ್ದಳು.

‘ನಿಮ್ಮಪ್ಪಂದೂ ಇದೇ ಸೀನು’ ಅಂದಳು.

ನನಗೆ ಅರ್ಥವಾಗಲಿಲ್ಲ.

‘ಬೋಣಿ ಹೊತ್ನಾಗೆ ಸೀನಿದ್ರೆ ರೈತರು ಹೊಂಟೋಗ್ತಾರೆ ಅಂತ ಟವಲಿನಾಗೆ ಮುಚ್ಕೊಂಡು ಸೀನ್ತಿದ್ರು. ಆ ಟವಲು ದಿನಾ ಒಗೀತಿದ್ದೋಳು ನಾನು. ನಂಗೆ ಗೊತ್ತಿರಲ್ವಾ?’

ಅಪ್ಪನ ಅಲುಗುತ್ತಿದ್ದ ಬೆನ್ನು, ಕೆಂಪು ಕಣ್ಣು, ಕೈ ಮುಗಿದು ನಿಂತ ಸಿದ್ದಾಪುರದ ಮುದುಕ, ಎಲ್ಲ ನನ್ನ ಕಣ್ಣ ಮುಂದೆ ಒಮ್ಮೆಗೇ ಬಂದು ನಿಂತವು. ಯಾಕೆ ಒಂದು ದಿನವಾದರೂ ಹೇಳಲಿಲ್ಲ ಅಂತ ಕೇಳಿದೆ.

‘ಸೀನೋನಿಗೆ ಮಾತ್ರೆ ಕೊಡ್ತಾರೆ, ಮೂಗಿರೋನಿಗೆ ಕುರ್ಚಿ ಕೊಡ್ತಾರೆ. ಅವ್ರಿಗೆ ಕುರ್ಚಿ ಬೇಕಾಗಿತ್ತು. ಕೊನಿಗೆ ಎದೆ ಸಿಳ್ಳೆ ಹೊಡ್ದು ಹೊಡ್ದು ಮಲಗೋಕಾಗ್ದೆ ಕುರ್ಚಿ ಮೇಲೇ ಕೂತು ನಿದ್ದೆ ಮಾಡಿದ್ರು.’ ಅವ್ವ ಬೇಳೆಯಲ್ಲಿ ಒಂದು ಕಲ್ಲು ಹುಡುಕಿ ಆಚೆ ಎಸೆದಳು. ‘ಅವ್ರಿಗೂ ಕಷಾಯದಾಗೆ ಹಾಕಿ ಕೊಡಬೇಕಾಗಿತ್ತು. ನಂಗೆ ಆಗ ಧೈರ್ಯ ಬರ್ಲಿಲ್ಲ.’

ಅಪ್ಪನ ಉಬ್ಬಸವನ್ನು ನಾವೆಲ್ಲ ವಯಸ್ಸಿನ ಲೆಕ್ಕಕ್ಕೆ ಹಾಕಿದ್ದೆವು. ನಾನು ಸುಮ್ಮನೆ ಎದ್ದು ಹೋಗಿ ಹಿತ್ತಲಲ್ಲಿ ನಿಂತೆ. ಅಳು ಬಂತು. ಅದರ ನಡುವೆ ಎರಡು ಸೀನೂ ಬಂದವು. ಜೋಡಿ ಬಂದದ್ದರಿಂದ ಅಪಶಕುನವಾಗಲಿಲ್ಲ.

ಈಗ ಹೇಗೆ ನಡೆಯುತ್ತಿದೆ ಅಂತ ಕೇಳುತ್ತೀರಿ. ಅವ್ವ ಪೆಟ್ಟಿಗೆಯಿಂದ ಅಪ್ಪನ ಟವಲು ತೆಗೆದು ಕೊಟ್ಟಿದ್ದಾಳೆ. ಮುಖಕ್ಕೆ ಅಡ್ಡ ಹಿಡಿದುಕೊ, ಒಳಗೆ ಏನು ಮಾಡ್ತೀಯ ಅಂತ ಯಾರು ನೋಡ್ತಾರೆ ಅಂದಳು. ಅನುಮಾನದ ಮಾಲು ಬಂದರೆ ಕೆಲಸದವರ ಕೈಲಿ ಹಿಡಿ ತೆಗೆಸುತ್ತೇನೆ. ಟವಲನ್ನು ತಲೆಯಿಂದ ಇಳಿಬಿಟ್ಟು ಗೋಡೆ ಕಡೆ ತಿರುಗುತ್ತೇನೆ. ಟವಲಿನ ಮರೆಯಲ್ಲಿ ಡಾಕ್ಟರಮ್ಮ ಹೇಳಿದ ಮಾಸ್ಕಿದೆ, ಮಾಸ್ಕಿನ ಮೇಲೆ ಓದುವ ಕನ್ನಡಕವಿದೆ. ಒಂದೊಂದೇ ಕಾಯಿ ಒಡೆದು, ಬೀಜ ಸೀಳಿ, ಹೊಸದಾಗಿ ಕೆಲಸಕ್ಕೆ ಸೇರಿದವನ ಹಾಗೆ ಕಣ್ಣು ಕಿರಿದು ಮಾಡಿಕೊಂಡು ನೋಡುತ್ತೇನೆ. ಕನ್ನಡಕ ಮಂಜಾಗುತ್ತದೆ, ಒರೆಸಿಕೊಂಡು ಮತ್ತೆ ನೋಡುತ್ತೇನೆ. ಬಹಳ ಹೊತ್ತು ಹಿಡಿಯುತ್ತದೆ. ಮಾರ್ಕೆಟ್ಟು ಉಸಿರು ಬಿಗಿಹಿಡಿದು ಕಾಯುತ್ತದೆ. ಒಳಗೆ ನಾನು, ಮೂಗಿನ ಮಂಡಿಯ ಯಜಮಾನ, ಮೂಗೊಂದನ್ನು ಬಿಟ್ಟು ಮಿಕ್ಕ ಎಲ್ಲವನ್ನೂ ಬಳಸುತ್ತಾ ನಿಂತಿರುತ್ತೇನೆ.

ಮೊನ್ನೆ ಹೀಗೆ ಟವಲು ತೆಗೆದು ‘ಒಳಗೆ ಮುಗ್ಗೈತೆ’ ಅಂದೆ. ಸುರಿದರೆ ಮುಗ್ಗಿತ್ತು. ವೀರಭದ್ರಪ್ಪ ಹತ್ತಿರ ಬಂದು ನನ್ನ ಕೈ ಹಿಡಿದುಕೊಂಡ. ನನ್ನ ಅಲರ್ಜಿಯ ಮಾತನ್ನು ನಂಬದ ಅವನು ಇನ್ನೂ ಬರೀ ಶುಂಠಿ ಮೆಣಸಿನ ಕಷಾಯ ಕುಡಿಯುತ್ತಿದ್ದಾನೆ, ಯಾಕೆ ತನಗೆ ಮಾತ್ರ ನಾಟುತ್ತಿಲ್ಲ ಅಂತ ಬೇಸರಪಟ್ಟುಕೊಂಡಿದ್ದಾನೆ. ‘ನಿಮ್ಮಪ್ಪನಿಗಿಂತ ನಿಮ್ಮ ಮೂಗು ಒಂದು ಕೈ ಮೇಲು ಕಣ್ರಿ’ ಅಂದ. ‘ಅವ್ರ ಬೆನ್ನಾದ್ರೂ ಅಲುಗ್ತಿತ್ತು. ನೀವು ಕಂಬದಂಗೆ ನಿಂತಿರ್ತೀರಿ.’

ಮನೆಗೆ ಬಂದು ಅವ್ವನಿಗೆ ಹೇಳಿದೆ. ಅವಳು ನನ್ನ ಎದೆಯ ಹತ್ತಿರ ಕಿವಿ ತಂದು ಸ್ವಲ್ಪ ಹೊತ್ತು ಕೇಳಿಸಿಕೊಂಡಳು. ಆಮೇಲೆ ಕಷಾಯದ ಲೋಟ ಮುಂದಿಟ್ಟು, ಕುಡಿ ಅಂದಳು. ಅದರಲ್ಲಿ ಏನಿದೆ ಅಂತ ನನಗೆ ಗೊತ್ತು, ನನಗೆ ಗೊತ್ತು ಅಂತ ಅವಳಿಗೂ ಗೊತ್ತು. ಕುಡಿದೆ. ತಳದಲ್ಲಿ ಒಂಚೂರು ಬಿಳಿ ಪುಡಿ ಉಳಿದಿತ್ತು. ಅವ್ವ ಅಲ್ಲೇ ನಿಂತಿದ್ದಳು. ಬೆರಳಿನಿಂದ ಬಳಿದು ಅದನ್ನೂ ನೆಕ್ಕಿದೆ.